ಪದರ ಕಟ್ಟುವುದು ಅಣು, ದಾರಿ ಮಾಡುವುದು ಧ್ವನಿ: ಲೋಹದ ಮೇಲಿನ ಅಣುಪದರಗಳ ಚರಿತ್ರೆಯಲ್ಲಿ ಶ್ರವಣಾತೀತ ಧ್ವನಿಯ ಪಾತ್ರ

ಲೋಹದ ಮೈಮೇಲೆ ಒಂದೇ ಅಣುವಿನಷ್ಟು ದಪ್ಪದ ಹೊದಿಕೆಯನ್ನು ಕೂರಿಸುವ ವಿದ್ಯೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಲಿಯಿತು. ಆ ಹೊದಿಕೆ ಬೇಗ ಕೂರಲಿ, ಒತ್ತಾಗಿ ಕೂರಲಿ ಎಂದು ದ್ರಾವಣದೊಳಗೆ ಶ್ರವಣಾತೀತ ಧ್ವನಿಯನ್ನು ಹಾಯಿಸುವ ಪದ್ಧತಿ ಅದರ ಬೆನ್ನಿಗೇ ಬಂತು. ಈ ಪದ್ಧತಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳವಾಗಿದೆ: ಧ್ವನಿ ದ್ರಾವಣವನ್ನು ಕಲಕುತ್ತದೆ, ಅಣುಗಳು ಲೋಹದ ಕಡೆಗೆ ಬೇಗ ಬರುತ್ತವೆ, ಆದ್ದರಿಂದ ಪದರವೂ ಬೇಗ ಕಟ್ಟುತ್ತದೆ. ಈ ವಿವರಣೆ ಲೆಕ್ಕಕ್ಕೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ಮೊದಲ ವಾದ. ಅಣುಪದರವನ್ನು ಕಟ್ಟುವುದು ಅಣು ಮತ್ತು ಲೋಹಗಳ ನಡುವಿನ ರಾಸಾಯನಿಕ ಬಂಧ. ಧ್ವನಿಯದು ನೆಲ ಹಸನು ಮಾಡುವ ಮತ್ತು ಜೊಳ್ಳನ್ನು ತೂರುವ ಕೆಲಸ. ಎರಡನೆಯ ವಾದ ಇದರಿಂದಲೇ ಹುಟ್ಟುತ್ತದೆ. ಧ್ವನಿ ಎಷ್ಟು ಮಾಡಿತು, ಎಲ್ಲಿ ನಿಂತಿತು ಎಂದು ಹೇಳಬೇಕಾದರೆ ದ್ರವದೊಳಗಿನ ಧ್ವನಿಯನ್ನು ಅಳೆಯುವ ವಿದ್ಯೆ ಬೇಕು. ಆ ವಿದ್ಯೆಯ ಒಂದು ಮುಖ್ಯ ಅಧ್ಯಾಯ 1935–36ರಲ್ಲಿ ಬೆಂಗಳೂರಿನಲ್ಲಿ ಬರೆಯಲ್ಪಟ್ಟಿತು. ಇನ್ನೊಂದು ಅಧ್ಯಾಯ 1990ರ ದಶಕದಲ್ಲಿ ಧಾರವಾಡದಲ್ಲಿ. ಅಣುಪದರಗಳ ಚರಿತ್ರೆಯಲ್ಲಿ ಈ ಎರಡಕ್ಕೂ ಸಲ್ಲಬೇಕಾದ ಜಾಗ ಸಂದಿಲ್ಲ.

ಮೊದಲು ನಮ್ಮ ಸೀಮೆಯ ಲೋಹವಿದ್ಯೆಯಿಂದಲೇ ಆರಂಭಿಸಬಹುದು. ಅಳ್ನಾವರ ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಬಯಲುಸೀಮೆ ಮುಗಿದು ಅರೆಮಲೆನಾಡು ತೊಡಗುವ ಊರು. ಮಳೆಗಾಲದ ತೇವ ಹೆಚ್ಚಾಗಿರುವ ಇಂಥ ಸೀಮೆಯಲ್ಲಿ ಕಬ್ಬಿಣಕ್ಕೆ ಜಂಗು, ತಾಮ್ರಕ್ಕೆ ಕಿಲುಬು ಬೇಗ ಹಿಡಿಯುತ್ತವೆ. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಉತ್ತರ ಕರ್ನಾಟಕದುದ್ದಕ್ಕೂ ಕಂಡುಕೊಂಡ ಪರಿಹಾರ ಕಲಾಯಿ. ಕಲಾಯಿಗಾರನ ಕೆಲಸದ ಕ್ರಮವನ್ನು ಗಮನಿಸಬೇಕು. ಪಾತ್ರೆಯನ್ನು ತಿಕ್ಕಿ ತೊಳೆದು, ಕುಲುಮೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ಆಮೇಲೆ ತವರವನ್ನು ಮುಟ್ಟಿಸಿ ಹತ್ತಿಯಿಂದ ಸವರುತ್ತಾನೆ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಕರಗಿಸುವುದು ಕಷ್ಟವಲ್ಲ. ಕಷ್ಟವಿರುವುದು ಅದು ತಾಮ್ರವನ್ನು ಹಿಡಿಯುವಂತೆ ಮಾಡುವುದರಲ್ಲಿ. ನವಸಾಗರ ಕಾದಾಗ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು, ತಾಮ್ರದ ಮೇಲಿನ ಆಕ್ಸೈಡನ್ನು ತಿಂದುಹಾಕುತ್ತದೆ. ಆ ಕ್ಷಣಕ್ಕೆ ಬೆತ್ತಲಾದ ಲೋಹವನ್ನು ತವರ ಹಿಡಿಯುತ್ತದೆ. ಬೀದರಿನ ಬಿದರಿ ಕಲೆಯಲ್ಲೂ ಮೈಯ ರಸಾಯನವೇ ಮುಖ್ಯ: ಸತುವು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ ನಯಗೊಳಿಸಿದ ಬಳಿಕ, ಕೋಟೆಯ ಮಣ್ಣು ಮತ್ತು ನವಸಾಗರದ ಪಾಕದಿಂದ ಅದನ್ನು ಕಪ್ಪಾಗಿಸುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ಹೊದಿಕೆಗಳು ಅಣುಪದರಗಳಲ್ಲ, ಅವುಗಳಿಗಿಂತ ಬಹಳ ದಪ್ಪನೆಯವು. ಆದರೆ ಅವು ಸ್ಥಾಪಿಸುವ ನಿಯಮ ಅಣುಪದರಕ್ಕೂ ಅನ್ವಯಿಸುತ್ತದೆ: ಹೊದಿಕೆಯ ಭವಿಷ್ಯ ನಿರ್ಧಾರವಾಗುವುದು ಹೊದಿಸುವ ವಸ್ತು ಬರುವ ಮುಂಚೆಯೇ, ಲೋಹದ ಮೈ ಎಷ್ಟು ಸಿದ್ಧವಾಗಿದೆ ಎಂಬುದರಲ್ಲಿ.

ಅಣುಪದರದ ಕಲ್ಪನೆ ಲೋಹದ ಮೇಲೆ ಹುಟ್ಟಲಿಲ್ಲ, ನೀರಿನ ಮೇಲೆ ಹುಟ್ಟಿತು. ಜರ್ಮನಿಯ ಬ್ರೌನ್‌ಶ್ವೈಗ್‌ನ ಆಗ್ನೆಸ್ ಪೊಕೆಲ್ಸ್ ಮನೆಯಲ್ಲೇ ನಡೆಸಿದ ಪ್ರಯೋಗಗಳನ್ನು ವಿವರಿಸಿ ಲಾರ್ಡ್ ರ‍್ಯಾಲೆಗೆ ಬರೆದ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ನೀರಿನ ಮೇಲಿನ ಎಣ್ಣೆಯ ಪೊರೆಯನ್ನು ಒತ್ತಿ ಅಳೆಯುವ ವಿಧಾನ ಅದರಲ್ಲಿತ್ತು. 1917ರಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಆ ಪೊರೆಗಳು ಒಂದೇ ಅಣುವಿನ ದಪ್ಪದವು, ಅವುಗಳಲ್ಲಿ ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ ಎಂದು ತೋರಿಸಿದರು. 1935ರ ಹೊತ್ತಿಗೆ ಕ್ಯಾಥರೀನ್ ಬ್ಲಾಜೆಟ್ ಇಂಥ ಪೊರೆಗಳನ್ನು ಗಾಜಿನ ಮೇಲಕ್ಕೆ ಪದರ ಪದರವಾಗಿ ಎತ್ತಿದರು. ಇವೆಲ್ಲ ಹೊರಗಿನಿಂದ ಒತ್ತಿ, ಎತ್ತಿ ಮಾಡಿದ ಪದರಗಳು. ಅಣುಗಳು ತಾವಾಗಿಯೇ ಲೋಹದ ಮೇಲೆ ಸಾಲುಗಟ್ಟಬಲ್ಲವು ಎಂಬುದನ್ನು 1946ರಲ್ಲಿ ಬಿಗೆಲೋ, ಪಿಕೆಟ್ ಮತ್ತು ಜಿಸ್ಮನ್ ಪ್ಲಾಟಿನಂ ಮೇಲೆ ತೋರಿಸಿದರು. 1983ರಲ್ಲಿ ಬೆಲ್ ಪ್ರಯೋಗಾಲಯದ ನುಝೋ ಮತ್ತು ಅಲಾರಾ ಗಂಧಕವುಳ್ಳ ಅಣುಗಳು ಚಿನ್ನದ ಮೇಲೆ ಕ್ರಮಬದ್ಧವಾಗಿ ಕೂರುವುದನ್ನು ಪ್ರಕಟಿಸಿದ ಮೇಲೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು. ಒಂದು ತುದಿಯಲ್ಲಿ ಗಂಧಕ, ಮುಂದೆ ಉದ್ದನೆಯ ಇಂಗಾಲದ ಸರಪಳಿ ಇರುವ ಥಯಾಲ್ ಅಣುಗಳು ಈ ಕೆಲಸಕ್ಕೆ ಮಾದರಿಯಾದವು. ಹದಿನೆಂಟು ಇಂಗಾಲಗಳ ಸರಪಳಿಯಿಂದ ಆಗುವ ಪದರದ ದಪ್ಪ ಎರಡು ನ್ಯಾನೋಮೀಟರಿಗಿಂತ ತುಸು ಹೆಚ್ಚು. 1992ರಲ್ಲಿ ಲೈಬಿನಿಸ್ ಮತ್ತು ವೈಟ್‌ಸೈಡ್ಸ್ ಇದೇ ಅಣುಗಳು ತಾಮ್ರವನ್ನು ಗಾಳಿಯ ಆಕ್ಸಿಜನ್ನಿನಿಂದ ಕಾಯುತ್ತವೆ, ಸರಪಳಿ ಉದ್ದವಾದಷ್ಟೂ ರಕ್ಷಣೆ ಹೆಚ್ಚುತ್ತದೆ ಎಂದು ತೋರಿಸಿದರು. ಕಿಲುಬಿನ ಹಳೆಯ ಸಮಸ್ಯೆಗೆ ಅಣುಪದರ ಉತ್ತರವಾಗಬಲ್ಲದು ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಧ್ವನಿಯ ಕಡೆಯ ಚರಿತ್ರೆ ಬೇರೆ ದಾರಿಯಲ್ಲಿ ಬಂತು. 1880ರಲ್ಲಿ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜ್ವಾ ಅದೇ ಗುಣವನ್ನು ತಿರುವುಮುರುವಾಗಿ ಬಳಸಿ, ಸ್ಫಟಿಕದ ಹಾಳೆಗಳಿಂದ ನೀರಿನೊಳಗೆ ಶ್ರವಣಾತೀತ ಧ್ವನಿಯನ್ನು ಹೊರಡಿಸಿದರು. ಅದರ ದಾರಿಗೆ ಬಂದ ಮೀನುಗಳು ಸತ್ತವು. ಹಡಗಿನ ಚಾಲಕ ರೆಕ್ಕೆಗಳು ಏಕೆ ಕೊರೆದುಹೋಗುತ್ತವೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ರ‍್ಯಾಲೆ 1917ರಲ್ಲಿ ದ್ರವದೊಳಗಿನ ಗುಳ್ಳೆ ಕುಸಿಯುವಾಗ ಏರುವ ಒತ್ತಡವನ್ನು ಲೆಕ್ಕಹಾಕಿದರು. 1927ರಲ್ಲಿ ವುಡ್ ಮತ್ತು ಲೂಮಿಸ್ ಪ್ರಬಲ ಧ್ವನಿಯ ಭೌತಿಕ ಹಾಗೂ ಜೈವಿಕ ಪರಿಣಾಮಗಳನ್ನೂ, ರಿಚರ್ಡ್ಸ್ ಮತ್ತು ಲೂಮಿಸ್ ಅದರ ರಾಸಾಯನಿಕ ಪರಿಣಾಮಗಳನ್ನೂ ಪ್ರಕಟಿಸಿದರು. 1934ರಲ್ಲಿ ಜಪಾನಿನ ಮೊರಿಗುಚಿ ವಿದ್ಯುದ್ವಾರಗಳ ಮೇಲೆ ಧ್ವನಿಯ ಪ್ರಭಾವವನ್ನು ಪರೀಕ್ಷಿಸಿದರು. ಲೋಹದ ಮೈ ಮತ್ತು ಶ್ರವಣಾತೀತ ಧ್ವನಿ ಒಂದೇ ಪಾತ್ರೆಯಲ್ಲಿ ಕೂಡಿದ ಆರಂಭದ ಪ್ರಯೋಗಗಳಲ್ಲಿ ಇದೂ ಒಂದು. 1950ರ ದಶಕದಿಂದ ಲೋಹದ ಬಿಡಿಭಾಗಗಳನ್ನು ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಗಳು ಕಾರ್ಖಾನೆಗಳನ್ನು ಸೇರಿದವು. ಅಂದರೆ ಅಣುಪದರದವರು ಧ್ವನಿಯನ್ನು ಕೈಗೆತ್ತಿಕೊಳ್ಳುವ ಎಷ್ಟೋ ಮುಂಚೆ ಅದು ಲೋಹದ ಮೈಯ ಕೊಳೆ ತೆಗೆಯುವ ಸಾಧನವಾಗಿ ನೆಲೆಗೊಂಡಿತ್ತು. ಈ ಹಿನ್ನೆಲೆಯೇ ಧ್ವನಿಯ ನಿಜವಾದ ಪಾತ್ರಕ್ಕೆ ಮೊದಲ ಸುಳಿವು.

ಈಗ ಲೆಕ್ಕಕ್ಕೆ ಬರೋಣ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 20 ಕಿಲೋಹರ್ಟ್ಸ್ ಆವರ್ತನದಲ್ಲಿ ಅದರ ತರಂಗಾಂತರ ಏಳೂವರೆ ಸೆಂಟಿಮೀಟರ್. ಅಣುವಿನ ಉದ್ದ ಎರಡೂವರೆ ನ್ಯಾನೋಮೀಟರ್ ಎಂದಿಟ್ಟುಕೊಂಡರೆ, ತರಂಗ ಅಣುವಿಗಿಂತ ಮೂರು ಕೋಟಿ ಪಟ್ಟು ದೊಡ್ಡದು. ಇಷ್ಟು ದೊಡ್ಡ ಅಲೆ ಒಂದೊಂದೇ ಅಣುವನ್ನು ಹಿಡಿದು ನೇರ ನಿಲ್ಲಿಸುವುದು ಸಾಧ್ಯವಿಲ್ಲ. ಹಾಗಾದರೆ ಅಣುಗಳನ್ನು ಹೊತ್ತು ತರುವುದೇ ಅದರ ಕೆಲಸವೇ? ಚಿನ್ನದ ಮೇಲಿನ ಸಂಪೂರ್ಣ ಥಯಾಲ್ ಪದರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4.6 × 10¹⁴ ಅಣುಗಳು ಬೇಕು. ರೂಢಿಯಲ್ಲಿರುವ ಒಂದು ಮಿಲಿಮೋಲಾರ್ ದ್ರಾವಣದಲ್ಲಿ, ಅಣುಗಳು ದ್ರವದಲ್ಲಿ ತಾವಾಗಿ ಹರಡುವ ಸಾಮಾನ್ಯ ದರವನ್ನು ಹಿಡಿದು ಗಣಿಸಿದರೆ, ಅಷ್ಟು ಅಣುಗಳು ಮೈ ಮುಟ್ಟಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಯಾರೂ ಕಲಕದಿದ್ದರೂ ಅಣುಗಳು ಬಂದು ನಿಂತಿರುತ್ತವೆ. ಆದರೂ ಪ್ರಯೋಗದಲ್ಲಿ ಪದರದ ಬಹುಭಾಗ ತುಂಬಲು ನಿಮಿಷಗಳು, ಪೂರ್ತಿ ಒತ್ತಾಗಿ ಸಾಲುಗಟ್ಟಲು ಗಂಟೆಗಳು ಹಿಡಿಯುತ್ತವೆ. ತಡವಾಗುತ್ತಿರುವುದು ಸಾಗಾಟದಲ್ಲಲ್ಲ; ಮೈಮೇಲೆ ಮೊದಲೇ ಕೂತಿರುವ ಆಕ್ಸೈಡ್, ಜಿಡ್ಡು, ದ್ರಾವಕದ ಅಣುಗಳನ್ನು ಎಬ್ಬಿಸುವುದರಲ್ಲಿ ಮತ್ತು ಓರೆಕೋರೆಯಾಗಿ ಕೂತ ಸರಪಳಿಗಳು ನೆಟ್ಟಗಾಗುವುದರಲ್ಲಿ. ಕಲಕುವುದರಿಂದಲೇ ವೇಗ ಬರುತ್ತದೆ ಎಂಬ ವಿವರಣೆ ಬಹಳ ತೆಳುವಾದ ದ್ರಾವಣಗಳಿಗೆ ಮಾತ್ರ ಹೊಂದುತ್ತದೆ. ದ್ರಾವಣದಲ್ಲಿ ಅಣುಗಳ ಪ್ರಮಾಣ ಸಾವಿರ ಪಟ್ಟು ಇಳಿದರೆ ಬೇಕಾಗುವ ಕಾಲ ಹತ್ತು ಲಕ್ಷ ಪಟ್ಟು ಏರುತ್ತದೆ. ಆಗ ಅರ್ಧ ದಿನವೇ ಬೇಕಾಗುವುದರಿಂದ ಕಲಕುವುದಕ್ಕೆ ಅರ್ಥವಿದೆ. ರೂಢಿಯ ಪ್ರಮಾಣಕ್ಕೆ ಆ ಮಾತು ಸಲ್ಲದು.

ಧ್ವನಿ ಮಾಡುವ ಕೆಲಸದ ನಿಜವಾದ ಕರ್ತೃ ಗುಳ್ಳೆ. ಪ್ರಬಲ ಧ್ವನಿಯ ಒತ್ತಡ ಇಳಿದ ಅರೆಗಳಿಗೆಯಲ್ಲಿ ದ್ರವದೊಳಗೆ ಸೂಕ್ಷ್ಮ ಗುಳ್ಳೆಗಳು ಹಿಗ್ಗುತ್ತವೆ, ಒತ್ತಡ ಏರಿದಾಗ ಕುಸಿಯುತ್ತವೆ. ಕ್ಯಾವಿಟೇಶನ್ ಎಂದು ಕರೆಯುವ ಈ ಕ್ರಿಯೆಯಲ್ಲಿ ಕುಸಿಯುವ ಗುಳ್ಳೆಯ ಒಳಗಿನ ಉಷ್ಣತೆ ಸುಮಾರು 5,000 ಕೆಲ್ವಿನ್ ಮುಟ್ಟುತ್ತದೆ ಎಂದು ಅಮೆರಿಕದ ಕೆನೆತ್ ಸಸ್ಲಿಕ್ ಮತ್ತು ಅವರ ಸಂಗಡಿಗರ ಕೆಲಸ ತೋರಿಸಿದೆ. ಲೋಹದ ಮೈಯ ಪಕ್ಕದಲ್ಲಿ ಗುಳ್ಳೆ ಎಲ್ಲ ಕಡೆಯಿಂದ ಸಮನಾಗಿ ಕುಸಿಯಲಾರದು. ಒಂದು ಪಕ್ಕ ಒಳನುಗ್ಗಿ, ಲೋಹದ ಕಡೆಗೆ ಸೆಕೆಂಡಿಗೆ ನೂರು ಮೀಟರಿನ ಆಸುಪಾಸಿನ ವೇಗದ ದ್ರವಧಾರೆ ಹೊಡೆಯುತ್ತದೆ. ಈ ಹೊಡೆತಕ್ಕೆ ಜಿಡ್ಡು, ಸಡಿಲ ಆಕ್ಸೈಡ್ ಏಳುತ್ತವೆ. ದ್ರಾವಣದಲ್ಲಿ ಗಂಟುಕಟ್ಟಿದ ಅಣುಗಳು ಬಿಡಿಯಾಗುತ್ತವೆ. ಪದರದ ಮೇಲೆ ಬರಿದೆ ಅಂಟಿಕೊಂಡು ಕೂತ ಹೆಚ್ಚುವರಿ ಅಣುಗಳು ಕಳಚಿಹೋಗಿ, ಗಂಧಕದ ಮೂಲಕ ಗಟ್ಟಿಯಾಗಿ ಬೆಸೆದವು ಉಳಿಯುತ್ತವೆ. ಕಲಾಯಿಯಲ್ಲಿ ನವಸಾಗರ ಮಾಡುವ ಶುದ್ಧಿಯ ಕೆಲಸವನ್ನು ಇಲ್ಲಿ ಗುಳ್ಳೆಯ ಹೊಡೆತ ಮಾಡುತ್ತದೆ, ಅದೂ ಕುಲುಮೆಯ ಬೆಂಕಿಯಿಲ್ಲದೆ, ಹೊದಿಸುವ ಅಣು ಪಕ್ಕದಲ್ಲೇ ಕಾದು ನಿಂತಿರುವಾಗ. ತಾಮ್ರದಂಥ ಲೋಹಕ್ಕೆ ಇದು ದೊಡ್ಡ ಅನುಕೂಲ. ತೊಳೆದ ಮೈ ಗಾಳಿಗೆ ಬಂದ ಕೂಡಲೇ ಮತ್ತೆ ಆಕ್ಸೈಡ್ ಕಟ್ಟುತ್ತದೆ. ತೊಳೆಯುವುದೂ ಹೊದಿಸುವುದೂ ಒಂದೇ ದ್ರಾವಣದೊಳಗೆ ನಡೆದರೆ ಆ ಅಪಾಯ ಕಡಿಮೆ.

ಈ ಹೊಡೆತದ ಹಿಂದಿನ ಧ್ವನಿಯನ್ನು ಅಳೆಯುವುದು ಹೇಗೆ ಎಂಬಲ್ಲಿಂದ ಬೆಂಗಳೂರಿನ ಅಧ್ಯಾಯ ತೆರೆಯುತ್ತದೆ. 1932ರಲ್ಲಿ ಅಮೆರಿಕದಲ್ಲಿ ಡೆಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ದ್ರವದೊಳಗಿನ ಶ್ರವಣಾತೀತ ಧ್ವನಿಯ ಮೂಲಕ ಬೆಳಕು ಹಾಯಿಸಿದಾಗ ಅದು ಹಲವು ಗೆರೆಗಳಾಗಿ ಒಡೆಯುವುದನ್ನು ಕಂಡರು. ಅಷ್ಟೊಂದು ಗೆರೆಗಳು ಏಕೆ, ಅವುಗಳ ಪ್ರಖರತೆ ಒಂದರಿಂದ ಇನ್ನೊಂದಕ್ಕೆ ಅಲೆದಾಡುವುದು ಏಕೆ ಎಂಬುದಕ್ಕೆ ಆಗಿನ ಸಿದ್ಧಾಂತಗಳಲ್ಲಿ ಸರಿಯಾದ ಉತ್ತರವಿರಲಿಲ್ಲ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ 1935–36ರಲ್ಲಿ ಸಾಲು ಲೇಖನಗಳನ್ನು ಪ್ರಕಟಿಸಿದರು. ಅವರ ಮೂಲ ವಿಚಾರ ಹೀಗಿದೆ: ಧ್ವನಿ ದ್ರವವನ್ನು ಒಂದು ಕಡೆ ಒತ್ತಿ, ಇನ್ನೊಂದು ಕಡೆ ಸಡಿಲಿಸುವುದರಿಂದ ಅದರ ವಕ್ರೀಭವನಾಂಕ ಅಲೆಯಲೆಯಾಗಿ ಬದಲಾಗುತ್ತದೆ, ಅದನ್ನು ದಾಟಿ ಬಂದ ಬೆಳಕಿನ ಮುಂಗೋಡೆಯೂ ಸುಕ್ಕುಗಟ್ಟುತ್ತದೆ, ಆ ಸುಕ್ಕಿನಿಂದಲೇ ಗೆರೆಗಳು ಹುಟ್ಟುತ್ತವೆ. ಪ್ರತಿ ಗೆರೆಯ ಪ್ರಖರತೆ ಬೆಸೆಲ್ ಫಲನದ ವರ್ಗಕ್ಕೆ ಅನುಗುಣವಾಗಿರುತ್ತದೆ, ಆ ಫಲನದೊಳಗೆ ಕೂರುವ ಸಂಖ್ಯೆ ಧ್ವನಿಯಿಂದಾದ ವಕ್ರೀಭವನಾಂಕದ ಏರಿಳಿತವನ್ನು ಅವಲಂಬಿಸಿರುತ್ತದೆ. ಇದರ ಫಲವೆಂದರೆ, ಬೆಳಕಿನ ಗೆರೆಗಳನ್ನು ಅಳೆದು ದ್ರವದೊಳಗಿನ ಧ್ವನಿಯ ಒತ್ತಡವನ್ನು ಲೆಕ್ಕಹಾಕಬಹುದು, ದ್ರವಕ್ಕೆ ಯಾವ ಉಪಕರಣವನ್ನೂ ಅದ್ದದೆ. ದ್ರವದೊಳಗಿನ ಧ್ವನಿಗೆ ಒಂದು ಅಳತೆಗೋಲು ಸಿಕ್ಕಿತು.

ಧಾರವಾಡದ ಅಧ್ಯಾಯ ದ್ರವಗಳ ಸ್ವಭಾವಕ್ಕೆ ಸಂಬಂಧಿಸಿದ್ದು. 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡದಲ್ಲಿ ನೆಲೆಗೊಂಡ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ತೇಜರಾಜ್ ಅಮಿನಭಾವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಸಾವಯವ ದ್ರವಗಳ ಮಿಶ್ರಣಗಳಲ್ಲಿ ಸಾಂದ್ರತೆ, ಸ್ನಿಗ್ಧತೆ, ವಕ್ರೀಭವನಾಂಕ ಮತ್ತು ಧ್ವನಿವೇಗಗಳನ್ನು ಅಳೆದು ಒಂದರ ಮೇಲೊಂದು ಲೇಖನ ಪ್ರಕಟಿಸಿದರು. ಮೇಲ್ನೋಟಕ್ಕೆ ಇವು ಕೋಷ್ಟಕಗಳು ಮಾತ್ರ. ಆದರೆ ಅಣುಪದರ ಕಟ್ಟುವವನಿಗೆ ಇಂಥ ಸಂಖ್ಯೆಗಳೇ ಆಧಾರ. ಸಾಂದ್ರತೆಯನ್ನು ಧ್ವನಿವೇಗದ ವರ್ಗದಿಂದ ಗುಣಿಸಿ ತಲೆಕೆಳಗು ಮಾಡಿದರೆ ದ್ರವದ ಸಂಕೋಚನೀಯತೆ ಸಿಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಧ್ವನಿವೇಗ ಸೆಕೆಂಡಿಗೆ ಸುಮಾರು 1,497 ಮೀಟರ್, ಎಥನಾಲಿನದು ಸುಮಾರು 1,143. ಲೆಕ್ಕ ಹಾಕಿದರೆ ಎಥನಾಲ್ ನೀರಿಗಿಂತ ಎರಡು ಪಟ್ಟಿಗೂ ತುಸು ಹೆಚ್ಚು ಸಂಕೋಚನೀಯ. ಸಾಂದ್ರತೆ ಮತ್ತು ವೇಗಗಳ ಗುಣಲಬ್ಧವೂ ಅದರಲ್ಲಿ ಕಡಿಮೆಯಾದ್ದರಿಂದ, ಒಂದೇ ತೀವ್ರತೆಯ ಧ್ವನಿ ಎಥನಾಲಿನಲ್ಲಿ ಹುಟ್ಟಿಸುವ ಒತ್ತಡ ನೀರಿನಲ್ಲಿನದಕ್ಕಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆ. ಇದಕ್ಕೆ ಎಥನಾಲಿನ ಹೆಚ್ಚಿನ ಆವಿಯೊತ್ತಡ ಸೇರಿ, ಗುಳ್ಳೆಯೊಳಗೆ ತುಂಬಿದ ಆವಿ ಕುಸಿತದ ಬಿರುಸನ್ನು ತಗ್ಗಿಸುತ್ತದೆ. ಥಯಾಲ್ ಪದರಗಳನ್ನು ಬಹುತೇಕ ಎಥನಾಲಿನಲ್ಲೇ ಕಟ್ಟುವುದರಿಂದ, ನೀರಿನಲ್ಲಿ ಪಳಗಿದ ತೊಟ್ಟಿಯ ಅನುಭವವನ್ನು ಹಾಗೆಯೇ ತಂದು ಅಲ್ಲಿಗೆ ಅನ್ವಯಿಸಲಾಗದು. ದ್ರಾವಕ ಬದಲಾದರೆ ಹೊಡೆತದ ಬಿರುಸೂ ಬದಲಾಗುತ್ತದೆ ಎಂದು ಮುಂಚಿತವಾಗಿ ಹೇಳುವುದು ದ್ರವಗಳ ಧ್ವನಿಗುಣವನ್ನು ತಾಳ್ಮೆಯಿಂದ ಅಳೆದವರಿಂದ ಸಾಧ್ಯವಾಗುತ್ತದೆ.

ಈ ನಿಲುವಿಗೆ ಬರಬಹುದಾದ ಮೊದಲ ಆಕ್ಷೇಪ ವಂಶಾವಳಿಯದು. ಅಳತೆಯವರು ಬಳಸಿದ್ದು ದ್ರವವನ್ನು ಕೆಡಿಸದಷ್ಟು ಮೆಲ್ಲನೆಯ, ಮೆಗಾಹರ್ಟ್ಸ್ ಆವರ್ತನದ ಧ್ವನಿ. ಪದರ ಕಟ್ಟುವವರು ಬಳಸುವುದು 20ರಿಂದ 40 ಕಿಲೋಹರ್ಟ್ಸ್‌ನ ಪ್ರಬಲ ಧ್ವನಿ. ಒಂದರಿಂದ ಇನ್ನೊಂದು ಹುಟ್ಟಲಿಲ್ಲ, ಹಾಗಿರುವಾಗ ಎರಡನ್ನೂ ಒಂದೇ ಚರಿತ್ರೆಯಲ್ಲಿ ಹೇಗೆ ಸೇರಿಸುವುದು? ನೇರವಾದ ವಂಶಸಂಬಂಧವಿಲ್ಲ ಎಂಬುದು ನಿಜ, ರಾಮನ್ ಅಣುಪದರಗಳಿಗೆ ದಾರಿ ತೋರಿದರು ಎಂದು ಇಲ್ಲಿ ಹೇಳುತ್ತಿಲ್ಲ. ಗುಳ್ಳೆಗಳು ತುಂಬಿದ ದ್ರವದಲ್ಲಿ ಬೆಳಕು ಚದುರುವುದರಿಂದ ರಾಮನ್–ನಾಥ್ ಸಿದ್ಧಾಂತವನ್ನು ಅಲ್ಲಿ ನೇರವಾಗಿ ಬಳಸಲಾಗದು ಎಂಬುದನ್ನೂ ಒಪ್ಪಬೇಕು. ಆದರೆ ಒಂದು ತಂತ್ರದ ಚರಿತ್ರೆಯೆಂದರೆ ಯಾರು ಮೊದಲು ಮಾಡಿದರು ಎಂಬ ಪಟ್ಟಿಯಷ್ಟೇ ಅಲ್ಲ. ಆ ತಂತ್ರವನ್ನು ವಿಶ್ವಾಸಾರ್ಹವಾಗಿಸಿದ ಜ್ಞಾನವೂ ಅದರೊಳಗೆ ಬರಬೇಕು. ಗುಳ್ಳೆಗಳು ಹುಟ್ಟುವ ಮೊದಲಿನ ಹಂತದಲ್ಲಿ ಧ್ವನಿಯ ಒತ್ತಡ ಎಷ್ಟು, ಯಾವ ಮಟ್ಟ ದಾಟಿದರೆ ಗುಳ್ಳೆಗಳು ಏಳುತ್ತವೆ ಎಂಬುದನ್ನು ಗುರುತಿಸಲು ಅಳತೆ ಬೇಕೇ ಬೇಕು. ಮೇಲೆ ಕೊಟ್ಟ ತರಂಗಾಂತರದ ಲೆಕ್ಕವೂ ದ್ರಾವಕಗಳ ಹೋಲಿಕೆಯೂ ಆ ಜ್ಞಾನವಿಲ್ಲದೆ ಆಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಕೊಳೆಯನ್ನು ಎಬ್ಬಿಸುವ ಹೊಡೆತ ಪದರವನ್ನೂ ಎಬ್ಬಿಸದೆ ಬಿಟ್ಟೀತೆ? ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಹಾಳೆ ಇಳಿಬಿಟ್ಟರೆ ಅದು ತೂತುತೂತಾಗುತ್ತದೆ; ತೊಟ್ಟಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಬಳಸುವ ಪರೀಕ್ಷೆಯೇ ಇದು. ಲೋಹವೇ ಹರಿಯುವಲ್ಲಿ ಒಂದು ಅಣುವಿನ ಪದರ ಉಳಿಯುತ್ತದೆ ಎಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಉತ್ತರವಿರುವುದು ಆವರ್ತನ ಮತ್ತು ಕಾಲಗಳ ಆಯ್ಕೆಯಲ್ಲಿ. ಅಲೆಗೆ ಸ್ಪಂದಿಸಿ ತುಯ್ಯುವ ಗುಳ್ಳೆಯ ಗಾತ್ರ ಆವರ್ತನ ಏರಿದಂತೆ ಇಳಿಯುತ್ತದೆ: ನೀರಿನಲ್ಲಿ 20 ಕಿಲೋಹರ್ಟ್ಸ್‌ಗೆ ಅದರ ತ್ರಿಜ್ಯ ಸುಮಾರು 160 ಮೈಕ್ರಾನ್, ಒಂದು ಮೆಗಾಹರ್ಟ್ಸ್‌ಗೆ ಸುಮಾರು ಮೂರು ಮೈಕ್ರಾನ್. ದೊಡ್ಡ ಗುಳ್ಳೆಯ ಹೊಡೆತ ಒರಟು, ಚಿಕ್ಕದರ ಹೊಡೆತ ನಯ. ಗಟ್ಟಿ ಆಕ್ಸೈಡ್ ತೆಗೆಯುವ ಹಂತಕ್ಕೆ ಒಂದು ಬಗೆಯ ಧ್ವನಿ, ಪದರ ಕೂರುವ ಹಂತಕ್ಕೆ ಇನ್ನೊಂದು ಬಗೆಯ ಧ್ವನಿ ಅಥವಾ ಪೂರ್ತಿ ಮೌನ ಎಂದು ವಿಂಗಡಿಸಬೇಕಾಗುತ್ತದೆ. ಸರಪಳಿಗಳು ಸಾಲುಗಟ್ಟುವ ಕೊನೆಯ ಹಂತ ಅಣುಗಳ ಸ್ವಂತ ಕೆಲಸ, ಅಲ್ಲಿ ಅವುಗಳಿಗೆ ಬಿಡುವು ಬೇಕು. ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆ. ಧ್ವನಿಯೇ ಪದರ ಕಟ್ಟುವುದಾಗಿದ್ದರೆ ಹೆಚ್ಚು ಧ್ವನಿಗೆ ಹೆಚ್ಚು ಫಲ ಬರಬೇಕಿತ್ತು. ಹಾಗಾಗದೆ ಒಂದು ಮಿತಿಯಾಚೆ ಹಾನಿಯಾಗುವುದೇ ಅದು ಹಸನು ಮಾಡುವ ಸಾಧನ ಎಂಬುದಕ್ಕೆ ಸಾಕ್ಷಿ.

ಧ್ವನಿಯೇ ಇಲ್ಲದೆ, ಚಿನ್ನವನ್ನು ಒಂದು ದಿನ ದ್ರಾವಣದಲ್ಲಿ ನೆನೆಹಾಕಿದರೂ ಒಳ್ಳೆಯ ಪದರ ಬರುತ್ತದಲ್ಲ ಎಂಬುದು ಮೂರನೆಯ ಆಕ್ಷೇಪ. ಚಿನ್ನದ ಮಟ್ಟಿಗೆ ಇದು ಸರಿ. ಚಿನ್ನ ಗಾಳಿಯಲ್ಲಿ ಕಿಲುಬು ಹಿಡಿಯುವುದಿಲ್ಲ, ಎಷ್ಟು ಹೊತ್ತು ಕಾದರೂ ಅದರ ಮೈ ಕೆಡದು. ಆದರೆ ಜನಸಾಮಾನ್ಯರ ಬದುಕು ನಿಂತಿರುವುದು ತಾಮ್ರ, ಹಿತ್ತಾಳೆ, ಕಬ್ಬಿಣ, ಅಲ್ಯೂಮಿನಿಯಂಗಳ ಮೇಲೆ. ಅವುಗಳ ಮೈ ಸದಾ ಆಕ್ಸೈಡಿನಿಂದ ಮುಚ್ಚಿರುತ್ತದೆ, ದ್ರಾವಣದಲ್ಲಿ ಕರಗಿದ ಆಕ್ಸಿಜನ್ ಕೂಡ ಅವುಗಳನ್ನು ಕೆಡಿಸುತ್ತಲೇ ಇರುತ್ತದೆ. ಅಲ್ಲಿ ಕಾಯುವ ಪ್ರತಿ ಗಂಟೆಗೂ ಬೆಲೆ ತೆರಬೇಕು. ಅಣುಪದರಗಳ ಚರಿತ್ರೆ ಬಹುಪಾಲು ಚಿನ್ನದ ಮೇಲೆ ಬರೆದದ್ದಾದ್ದರಿಂದಲೇ ಧ್ವನಿ ಅಲ್ಲಿ ಅನುಕೂಲದ ಒಂದು ಪರಿಕರದಂತೆ ಮಾತ್ರ ಕಾಣುತ್ತದೆ. ತಾಮ್ರ, ಕಬ್ಬಿಣಗಳನ್ನು ನಡುವಿಗೆ ತಂದು ನೋಡಿದರೆ ಮೈ ಹಸನು ಮಾಡುವುದೇ ಮುಖ್ಯ ಪ್ರಶ್ನೆಯಾಗುತ್ತದೆ, ಧ್ವನಿಯ ಸ್ಥಾನವೂ ಮೇಲೇರುತ್ತದೆ.

ಈ ತೀರ್ಮಾನಗಳಿಂದ ಹೊರಡುವ ಕರ್ತವ್ಯಗಳು ಎರಡು. ಧ್ವನಿಯ ನೆರವಿನಿಂದ ಪದರ ಕಟ್ಟಿದೆವು ಎನ್ನುವ ವರದಿಗಳು ತೊಟ್ಟಿಯನ್ನು ಹೆಸರಿಸಿ ಸುಮ್ಮನಾಗಬಾರದು. ಆವರ್ತನ, ದ್ರವಕ್ಕೆ ನಿಜವಾಗಿ ಸೇರಿದ ಶಕ್ತಿ, ದ್ರಾವಕ, ಉಷ್ಣತೆ, ಕಾಲ, ಕರಗಿದ ಅನಿಲಗಳನ್ನು ದಾಖಲಿಸಬೇಕು. ಇವಿಲ್ಲದಿದ್ದರೆ ಅದೇ ಪದರ ಇನ್ನೊಂದು ಊರಿನ ಪ್ರಯೋಗಾಲಯದಲ್ಲಿ ಕೂರುವುದಿಲ್ಲ. ಎರಡನೆಯದು ಕಲಿಕೆಗೆ ಸಂಬಂಧಿಸಿದ್ದು. ದ್ರವದಲ್ಲಿ ಧ್ವನಿವೇಗ ಅಳೆಯುವ ಅಲ್ಟ್ರಾಸಾನಿಕ್ ಇಂಟರ್‌ಫೆರೋಮೀಟರ್ ನಮ್ಮ ಪದವಿ, ಸ್ನಾತಕೋತ್ತರ ಭೌತಶಾಸ್ತ್ರ ಪ್ರಯೋಗಾಲಯಗಳಿಗೆ ಪರಿಚಿತವಾದ ಉಪಕರಣ. ಅಳ್ನಾವರದಿಂದಲೋ ಕಲಘಟಗಿಯಿಂದಲೋ ಧಾರವಾಡಕ್ಕೆ ಓದಲು ಬರುವ ವಿದ್ಯಾರ್ಥಿಗೆ ಅದು ಪರೀಕ್ಷೆಗೆ ಮುಗಿಸಬೇಕಾದ ಒಂದು ಪ್ರಯೋಗವಾಗಿ ಉಳಿಯಬಾರದು. ಎಥನಾಲ್ ಮತ್ತು ನೀರಿನ ಬೇರೆ ಬೇರೆ ಮಿಶ್ರಣಗಳಲ್ಲಿ ವೇಗ ಅಳೆದು, ಅದೇ ಮಿಶ್ರಣಗಳಲ್ಲಿ ತಾಮ್ರದ ತುಂಡುಗಳಿಗೆ ಪದರ ಕಟ್ಟಿಸಿ, ಮಳೆಗಾಲದ ಗಾಳಿಗೆ ಇಟ್ಟು ಯಾವುದು ಮೊದಲು ಕಿಲುಬು ಹಿಡಿಯುತ್ತದೆ ಎಂದು ನೋಡಿದರೆ, ಅಳತೆ ಮತ್ತು ಕ್ರಿಯೆ ಒಂದೇ ಮೇಜಿನ ಮೇಲೆ ಕೂಡುತ್ತವೆ. ಬೆಂಗಳೂರು ಮತ್ತು ಧಾರವಾಡಗಳ ಅಳತೆಯ ಪರಂಪರೆಗೆ ಅಣುಪದರಗಳ ಚರಿತ್ರೆಯಲ್ಲಿ ಜಾಗ ಕೇಳುವ ಹಕ್ಕನ್ನು ಇಂಥ ಕೆಲಸವೇ ಗಟ್ಟಿಗೊಳಿಸಬಲ್ಲದು.